ಕಾಲು ಸೋಲುವುದಕ್ಕೆ ಹಿಂದಿಯಲ್ಲಿ ಏನನ್ನಬೇಕು?

ಹೃದಯದ ಚಿಕಿತ್ಸೆ ಮಾಡಿಸಿಕೊಂಡವರನ್ನು ಮಾತನಾಡಿಸಲು ಬಂದವರು ಮೊದಲು ಕೇಳುವುದು ‘ಎಷ್ಟು ಸ್ಟೆಂಟ್?’ ಆಮೇಲೆ ‘ಬಿಲ್ ಎಷ್ಟಾಯಿತು?’ ಕಾಲಿನ ವಿಷಯ ಯಾರೂ ಎತ್ತುವುದಿಲ್ಲ. ಆದರೆ ಪಂಪಿಂಗ್ ಕಡಿಮೆಯಿರುವ ನನ್ನಂಥವರು ದಿನಾ ಲೆಕ್ಕ ಹಾಕುವುದು ಕಾಲಿನದನ್ನೇ. ಡೊಂಬಿವಲಿಯಿಂದ ದಾದರಿಗೆ ಬಂದಿಳಿದರೆ ಎದುರಿಗೆ ಪಾದಚಾರಿ ಸೇತುವೆ. ಅರ್ಧ ಏರುವಷ್ಟರಲ್ಲಿ ತೊಡೆ ಸೋತು ಬರುತ್ತದೆ, ಹಿಂದಿನಿಂದ ‘ಚಲಾ, ಚಲಾ’. ಕಾಯಿಲೆ ಅಂಗಿಯೊಳಗಿದೆ, ಕೈಯಲ್ಲಿ ಕೋಲಿಲ್ಲ. ಅವರಿಗಾದರೂ ತಿಳಿಯುವುದು ಹೇಗೆ?

ನಮ್ಮವರಿಗೆ ಗೊತ್ತಿರುವ ಮದ್ದು ಒಂದೇ, ವಿಶ್ರಾಂತಿ. ಧಾರವಾಡದಿಂದ ಅವ್ವನ ಫೋನ್ ಬಂದರೆ ‘ಭಾಳ ಅಡ್ಡಾಡಬ್ಯಾಡಪಾ, ಸುಮ್ನ ಮಲ್ಕೋ’. ಪ್ರೀತಿಯ ಮಾತು ನಿಜ, ಆದರೆ ನನ್ನ ತಕರಾರು ಇರುವುದು ಅಲ್ಲೇ. ಹಿಂದೆ ವೈದ್ಯರೂ ಹೃದಯಾಘಾತವಾದವರನ್ನು ವಾರಗಟ್ಟಲೆ ಮಲಗಿಸುತ್ತಿದ್ದರು. ಬೇಗ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುವುದೇ ಒಳ್ಳೆಯದೆಂದು ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ 1952ರಲ್ಲಿ ಬರೆದರು. ಆಸ್ಪತ್ರೆಗಳು ಬದಲಾದವು, ಮನೆಗಳು ಅಲ್ಲೇ ಉಳಿದವು. ತಿಂಗಳುಗಟ್ಟಲೆ ಮಲಗಿದವರ ತೊಡೆಯ ಸ್ನಾಯು ಕರಗುತ್ತದೆ. ಆಮೇಲೆ ಅದೇ ಮೆಟ್ಟಿಲು ಹತ್ತಲು ಹೃದಯ ಇನ್ನಷ್ಟು ದುಡಿಯಬೇಕಾಗುತ್ತದೆ.

ಹಾಗಂತ ಎಲ್ಲ ನಿತ್ರಾಣಕ್ಕೂ ನಡಿಗೆಯೇ ಉತ್ತರವೆಂದು ಹೇಳಲಾರೆ. ಬೀಟಾ ಬ್ಲಾಕರ್ ಮಾತ್ರೆಯಿಂದ ಸುಸ್ತಾಗಬಹುದು. ಸ್ಟ್ಯಾಟಿನ್ ಕೆಲವರಿಗೆ ಸ್ನಾಯು ನೋವು ತರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಪೊಟ್ಯಾಶಿಯಂ ಇಳಿದರೂ ಕಾಲು ಸೋಲುತ್ತದೆ. ಹೃದಯ ವೈಫಲ್ಯ ಇರುವವರಲ್ಲಿ ಕಬ್ಬಿಣಾಂಶದ ಕೊರತೆ ಸಾಮಾನ್ಯ. ಸ್ವಲ್ಪ ನಡೆದರೆ ಮೀನಖಂಡ ಹಿಡಿದು, ನಿಂತರೆ ಬಿಡುವುದಾದರೆ ಕಾಲಿನ ರಕ್ತನಾಳವೇ ಕಟ್ಟಿರಬಹುದು. ಇವನ್ನು ವೈದ್ಯರು ಪರೀಕ್ಷೆ ಮಾಡಿ ಪತ್ತೆ ಹಚ್ಚಬಲ್ಲರು. ಆದರೆ ಮೊದಲು ನಾವು ಹೇಳಬೇಕಲ್ಲ!

ಪರವೂರಿನಲ್ಲಿ ಹೇಳುವುದೇ ಕಷ್ಟ. ‘ಕಾಲು ಸೋಲುತ್ತದೆ’, ‘ನಿತ್ರಾಣ’, ‘ಜೋಮು’ ಇವು ಮೂರೂ ಬೇರೆ ಬೇರೆ ಎಂದು ನಮಗೆ ಗೊತ್ತು. ಹಿಂದಿಯಲ್ಲಿ ‘ಕಮಜೋರಿ’ ಎಂದರೆ ಮೆಡಿಕಲ್ ಶಾಪಿನವನು ಟಾನಿಕ್ ತೆಗೆಯುತ್ತಾನೆ, ‘ದರ್ದ್’ ಎಂದರೆ ನೋವಿನ ಮಾತ್ರೆ. ಇದು ತಮಾಷೆಯಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ದೇಹದಲ್ಲಿ ನೀರು ನಿಲ್ಲಿಸಿ ಹೃದಯ ವೈಫಲ್ಯವನ್ನು ಹೆಚ್ಚಿಸಬಲ್ಲವು. ಅದಕ್ಕೇ ಈಗ ನಾನು ವೈದ್ಯರ ಹತ್ತಿರ ಪದ ಹುಡುಕುವುದಿಲ್ಲ. ಎಷ್ಟು ಮೆಟ್ಟಿಲಿಗೆ ನಿಂತೆ, ಹೋದ ತಿಂಗಳು ಎಷ್ಟಕ್ಕೆ ನಿಲ್ಲುತ್ತಿದ್ದೆ, ಈ ವಾರ ತೂಕ ಎಷ್ಟು ಎಂದು ಚೀಟಿ ಕೊಡುತ್ತೇನೆ. ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ, ಪಾದ ಬಾತರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯುವಂತಿಲ್ಲ. ಒಂದೇ ಬದಿಯ ಕೈಕಾಲು ಇದ್ದಕ್ಕಿದ್ದಂತೆ ಸೋತರೆ ಅದು ಪಾರ್ಶ್ವವಾಯು ಇರಬಹುದು, ತಕ್ಷಣ 108.

ಎಷ್ಟು ಹೊತ್ತು ನಡೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಕಲಿಸುವ ಹೃದಯ ಪುನಶ್ಚೇತನ ತರಬೇತಿ ಇದೆ. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಹೊರಡುವ ರೋಗಿಯ ಫೈಲಿನಲ್ಲಿ ಮಾತ್ರೆಗಳ ಪಟ್ಟಿಯಷ್ಟೇ ಸ್ಪಷ್ಟವಾಗಿ ಅದನ್ನೂ ಬರೆದುಕೊಡಬೇಕು, ವಿಮೆಯಲ್ಲೂ ಅದಕ್ಕೆ ಜಾಗವಿರಬೇಕು.

ಕಚೇರಿಗಳಿಂದ ಕೇಳುವುದು ಇನ್ನೂ ಕಡಿಮೆ. ಹೂಗುಚ್ಛ ಬೇಡ, ಬೆಳಿಗ್ಗೆ ಒಂದು ತಾಸು ತಡವಾಗಿ ಬರಲು ಬಿಡಿ. ಆ ಹೊತ್ತಿಗೆ ದಾದರಿನ ಸೇತುವೆಯ ಮೇಲೆ ಕಂಬಿ ಹಿಡಿದು ಎರಡು ನಿಮಿಷ ನಿಲ್ಲುವಷ್ಟು ಜಾಗ ಇರುತ್ತದೆ.