ಮೊದಲು ನೀರು, ಆಮೇಲೆ ರಾಜಧಾನಿ

ದೌಲತಾಬಾದ್ ಕೋಟೆಯ ಕತ್ತಲ ಸುರಂಗವನ್ನು ದಾಟಿ ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳುತ್ತಿದ್ದಾಗ ನಮ್ಮ ಬಳಗದ ಗೆಳೆಯರೊಬ್ಬರು ತಮ್ಮ ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದರು. ಆರು ತಿಂಗಳಲ್ಲಿ ‘ಫುಲ್ ಸ್ಟ್ಯಾಕ್ ಡೆವಲಪರ್’, ಉದ್ಯೋಗ ಖಚಿತ, ಶುಲ್ಕ 2,40,000 ರೂಪಾಯಿ, ಕೈಯಲ್ಲಿ ಹಣವಿಲ್ಲದವರಿಗೆ ‘ಬಡ್ಡಿಯಿಲ್ಲದ’ 24 ಕಂತು. ಇವರು ಬೀದರ್ ಜಿಲ್ಲೆಯವರು. ಡಿಪ್ಲೊಮಾ ಮುಗಿಸಿ, ವಾಳೂಜಿನ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷದಿಂದ ಪಾಳಿಯಲ್ಲಿ ದುಡಿಯುತ್ತಿದ್ದಾರೆ. ಮನೆಯಲ್ಲಿ ಹೆಂಡತಿ ಮತ್ತು ಶಾಲೆಗೆ ಹೋಗುವ ಮಗಳು. “ಸರ್ಟಿಫಿಕೇಟ್ ಇದ್ದರ ಯಾರರೆ ಕೇಳತಾರ. ಇಲ್ಲಾಂದ್ರ ನಮ್ಮಂಥಾವ್ರಿಗೆ ಯಾರು ಕೇಳತಾರ್ರಿ ಸರ?” ಎಂದರು.

ಆ ಪ್ರಶ್ನೆಯಲ್ಲಿರುವ ದೈನ್ಯವೇ ಈ ವ್ಯಾಪಾರದ ಬಂಡವಾಳ. ಅದರ ವಿರುದ್ಧ ಬರೆಯಬೇಕೆಂದು ಅಂದೇ ನಿಶ್ಚಯಿಸಿದೆ.

ಕುಳಿತಿದ್ದ ಜಾಗವೂ ಈ ಮಾತಿಗೆ ತಕ್ಕದ್ದೇ ಆಗಿತ್ತು. 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್ ದೆಹಲಿಯಿಂದ ರಾಜಧಾನಿಯನ್ನು ತಂದದ್ದು ಇದೇ ಊರಿಗೆ. ಗಿರೀಶ ಕಾರ್ನಾಡರ ನಾಟಕದಿಂದಾಗಿ ಕನ್ನಡಿಗರಿಗೆ ಆ ಕಥೆ ಮನೆಮಾತು. ಸಾಮ್ರಾಜ್ಯದ ನಡುವೆ ರಾಜಧಾನಿ ಇರಬೇಕೆಂಬ ಯೋಚನೆ ಹುಚ್ಚಿನದಾಗಿರಲಿಲ್ಲ. ಜನರನ್ನು ಹೊರಡಿಸಿದ ರೀತಿ ಹುಚ್ಚಿನದಾಗಿತ್ತು. ಇದೇ ಸೀಮೆಯಲ್ಲಿ ಇನ್ನೊಬ್ಬನಿದ್ದ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹ್ಮದ್‌ನಗರದ ನಿಜಾಮಶಾಹಿಯ ಪೇಶ್ವೆಯಾದ ಮಲಿಕ್ ಅಂಬರ್. 1610ರಲ್ಲಿ ಖಡಕಿಯನ್ನು ಕಟ್ಟಿದವನು ಅವನೇ. ಇಂದಿನ ಛತ್ರಪತಿ ಸಂಭಾಜಿನಗರದ ಮೂಲ ಅದು. ಗುಡ್ಡದ ನೆಲದಡಿಯಿಂದ ನಹರುಗಳನ್ನು ಕೊರೆಸಿ ಆ ಊರಿಗೆ ನೀರು ತಂದ. ಬದುಕಿನ ಹಾದಿ ಬದಲಿಸುವವರು ತುಘಲಕನಂತೆ ಹೊರಡಬಹುದು, ಅಂಬರನಂತೆ ನೆಲೆಯೂರಬಹುದು. ಅಂಬರನ ಹಾದಿಯಲ್ಲಿ ಮೊದಲ ಕೆಲಸ ನೀರು.

ಕಂತಿನ ಲೆಕ್ಕದಿಂದಲೇ ಶುರುಮಾಡೋಣ. ಬಡ್ಡಿಯಿಲ್ಲವೆಂದೇ ನಂಬಿದರೂ ತಿಂಗಳಿಗೆ 10,000 ರೂಪಾಯಿ ಎರಡು ವರ್ಷ ಹೋಗುತ್ತದೆ. ಸಾಲ ಕೊಡುವುದು ತರಬೇತಿ ಸಂಸ್ಥೆಯಲ್ಲ, ಮೂರನೆಯ ಒಂದು ಹಣಕಾಸು ಕಂಪನಿ. ಸಾಲ ಇರುವುದು ವಿದ್ಯಾರ್ಥಿಯ ಹೆಸರಿನಲ್ಲಿ. ಪಾಠ ನಿಂತರೂ ಕಂತು ನಿಲ್ಲುವುದಿಲ್ಲ. ನಮ್ಮ ಬಳಗದಲ್ಲೇ ಒಬ್ಬರು ಹೀಗೆ ಸೇರಿದ ಸಂಸ್ಥೆ ನಾಲ್ಕನೆಯ ತಿಂಗಳಿಗೆ ಬಾಗಿಲು ಮುಚ್ಚಿತು. ಅವರ ಖಾತೆಯಿಂದ ಹಣ ಇನ್ನೂ ಹೋಗುತ್ತಿದೆ. ಡಿಜಿಟಲ್ ಸಾಲಗಳ ಬಗ್ಗೆ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿಯಮಗಳ ಪ್ರಕಾರ, ಸಾಲಗಾರನಿಗೆ ಎಲ್ಲ ವೆಚ್ಚಗಳನ್ನು ತೋರಿಸುವ ವಿವರಪತ್ರ ಕೊಡಬೇಕು, ಮತ್ತು ಆರಂಭದ ಕೆಲವು ದಿನಗಳೊಳಗೆ ದಂಡವಿಲ್ಲದೆ ಸಾಲದಿಂದ ಹೊರಬರುವ ಅವಕಾಶವಿರಬೇಕು. ಕೋಚಿಂಗ್ ಸಂಸ್ಥೆಗಳ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ 2024ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ಕಾನೂನು ಇದೆ. ಆದರೆ ಸಹಿ ಹಾಕುವ ಹೊತ್ತಿಗೆ ಅದನ್ನು ಕೇಳುವ ಬಾಯಿ ನಮಗಿಲ್ಲ.

‘ಉದ್ಯೋಗ ಖಚಿತ’ ಎನ್ನುವವರನ್ನು ಕೇಳಬೇಕಾದದ್ದು ಬಹಳವಿಲ್ಲ. ಕಳೆದ ತಂಡದಲ್ಲಿ ಸೇರಿದವರೆಷ್ಟು, ಮುಗಿಸಿದವರೆಷ್ಟು? ಕೆಲಸ ಸಿಕ್ಕವರಿಗೆ ಸಿಕ್ಕದ್ದು ಕೋಡ್ ಬರೆಯುವ ಕೆಲಸವೋ, ಅದೇ ಕೋರ್ಸನ್ನು ಫೋನಿನಲ್ಲಿ ಮಾರುವ ಕೆಲಸವೋ? ಅವರಲ್ಲಿ ಇಬ್ಬರೊಡನೆ ನಾನು ಮಾತನಾಡಬಹುದೆ? ಬಿಟ್ಟುಹೋದರೆ ಎಷ್ಟು ಹಣ ಮರಳುತ್ತದೆಂದು ಬರೆದುಕೊಡುವಿರಾ? ಈ ನಾಲ್ಕಕ್ಕೆ ನೇರ ಉತ್ತರ ಬಾರದಿದ್ದರೆ ಅಲ್ಲಿಂದ ಎದ್ದುಬರುವುದೇ ಮೊದಲ ಪಾಠ.

ಹಾಗೆಂದು ‘ಪದವಿ ಬೇಡ, ಯೂಟ್ಯೂಬ್ ಸಾಕು’ ಎಂಬ ಗುಂಪಿಗೂ ನಾನು ಸೇರಿದವನಲ್ಲ. ಆ ಮಾತನ್ನು ಗಟ್ಟಿಯಾಗಿ ಹೇಳುವವರ ಬಳಿ ಸಾಮಾನ್ಯವಾಗಿ ಎಂಜಿನಿಯರಿಂಗ್ ಪದವಿ ಇರುತ್ತದೆ. ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಜರಡಿ ಹಿಡಿಯುವ ಮೊದಲ ಕೈಗೆ ಪದವಿಯ ಹೆಸರು ಬೇಕು. ಸರ್ಕಾರಿ ನೌಕರಿಗೆ ಬೇಕು. ಅನೇಕ ದೇಶಗಳ ಕೆಲಸದ ವೀಸಾಕ್ಕೂ ಬೇಕು. ಪದವಿಯಿಲ್ಲದವರು ಈ ಸತ್ಯವನ್ನು ಮರೆತರೆ ಮುಂದೆ ಬೆಲೆ ತೆರುತ್ತಾರೆ. ಆದರೆ ಅದಕ್ಕೆ ಕೆಲಸ ಬಿಡಬೇಕಿಲ್ಲ. 1989ರಲ್ಲಿ ಸ್ಥಾಪನೆಯಾದ ಯಶವಂತರಾವ್ ಚವಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯ ಇಲ್ಲೇ ನಾಸಿಕದಲ್ಲಿದೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಬಿಸಿಎ, ಎಂಸಿಎಗಳಿವೆ. ನಮ್ಮ ಊರಿನ ಮರಾಠವಾಡಾ ವಿಶ್ವವಿದ್ಯಾಲಯದ ಆವರಣದಲ್ಲೇ ಕೇಂದ್ರ ಸರ್ಕಾರದ ನೀಲಿಟ್ ಕೇಂದ್ರವಿದೆ. ಅದರ ‘ಓ ಲೆವೆಲ್’ ಪಠ್ಯದಲ್ಲಿ ವೆಬ್ ವಿನ್ಯಾಸವೂ ಒಂದು ವಿಷಯ. ಪುಣೆಯ ಸಿ-ಡ್ಯಾಕಿನ ಆರು ತಿಂಗಳ ಡಿಪ್ಲೊಮಾಕ್ಕೆ ಒಳ್ಳೆಯ ಹೆಸರಿದೆ. ಆದರೆ ಅದಕ್ಕೆ ಪದವಿ ಬೇಕು, ಪ್ರವೇಶ ಪರೀಕ್ಷೆ ಬರೆಯಬೇಕು, ಇಡೀ ದಿನ ಅದಕ್ಕೇ ಮೀಸಲಿಡಬೇಕು. ಪಾಳಿಯಲ್ಲಿ ದುಡಿಯುವವರಿಗೆ ಅದು ಮೊದಲ ಹೆಜ್ಜೆಯಾಗಲಾರದು.

ಹೀಗೆ ಪದವಿ ಬಾಗಿಲು ತೆರೆಯುತ್ತದೆ. ಒಳಗೆ ನಿಲ್ಲಿಸುವುದು ವಿದ್ಯೆ. ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಮಾರುತ್ತೇನೆನ್ನುವವನ ಪೊಟ್ಟಣದಲ್ಲಿ ಬಹುಪಾಲು ಎರಡೂ ಇರುವುದಿಲ್ಲ. ವಿದ್ಯೆಯಂತೂ ಇಲ್ಲಿ ಬಿಟ್ಟಿಯಾಗಿಯೇ ಸಿಗುತ್ತದೆ. ಟಿಮ್ ಬರ್ನರ್ಸ್-ಲೀ ಕೆಲಸ ಮಾಡುತ್ತಿದ್ದ ಸರ್ನ್ ಸಂಸ್ಥೆ 1993ರಲ್ಲಿ ವೆಬ್ಬಿನ ತಂತ್ರಜ್ಞಾನವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಅದನ್ನು ಕಲಿಸುವ ಒಳ್ಳೆಯ ಸಾಮಗ್ರಿಯೂ ಆ ಔದಾರ್ಯವನ್ನೇ ಉಳಿಸಿಕೊಂಡಿದೆ. ಎಂಡಿಎನ್‌ನ ಕೈಪಿಡಿ, ಫ್ರೀಕೋಡ್‌ಕ್ಯಾಂಪ್, ದಿ ಓಡಿನ್ ಪ್ರಾಜೆಕ್ಟ್ ಇವುಗಳಿಗೆ ಪ್ರವೇಶ ಶುಲ್ಕವಿಲ್ಲ. ಇಂಗ್ಲಿಷ್ ತೊಡಕಾದೀತು, ನಿಜ. ಆದರೆ ಲಕ್ಷಗಟ್ಟಲೆ ಕೊಟ್ಟ ಕೋರ್ಸಿನಲ್ಲೂ ಇಂಗ್ಲಿಷೇ ಇರುತ್ತದೆ.

ಆದ್ದರಿಂದ ಗೆಳೆಯರಿಗೆ ನಾನು ಹೇಳಿದ್ದು ಇಷ್ಟು. ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಆರು ದಿನ, ಹನ್ನೆರಡು ವಾರ. ಒಟ್ಟು 108 ಗಂಟೆ. ಒಂದು ರೂಪಾಯಿಯನ್ನೂ ಕೊಡದೆ ಎಚ್‌ಟಿಎಂಎಲ್, ಸಿಎಸ್‌ಎಸ್, ಸ್ವಲ್ಪ ಜಾವಾಸ್ಕ್ರಿಪ್ಟ್ ಕಲಿತು, ಬೇರೆಯವರು ನಿಜವಾಗಿ ಬಳಸುವ ಒಂದು ಪುಟ ಕಟ್ಟಬೇಕು. ಈ 108 ಗಂಟೆ ಬೇಸರವಾದರೆ 2,40,000 ರೂಪಾಯಿ ಉಳಿಯಿತು. ಹಿಡಿಸಿದರೆ ಪದವಿಗೆ ಹೆಸರು ನೋಂದಾಯಿಸಲಿ, ಕಲಿಕೆ ಮುಂದುವರಿಸಲಿ, ಕಾರ್ಖಾನೆಯ ಸಂಬಳ ಬರುತ್ತಲೇ ಇರಲಿ. ಆರು ತಿಂಗಳಲ್ಲಿ ಆಗುವುದಲ್ಲ ಇದು. ಎರಡು ಮೂರು ವರ್ಷ ಹಿಡಿದೀತು. ಸರಳ ಕೋಡನ್ನು ಇಂದು ಯಂತ್ರವೇ ಬರೆದುಕೊಡುತ್ತದೆ. ಬರೆದದ್ದು ಏಕೆ ಕೆಡುತ್ತದೆಂದು ಬಲ್ಲವರಿಗಷ್ಟೇ ಇನ್ನು ಬೆಲೆ. ಅದು ಕೈಗೂಡಲು ತಾಳ್ಮೆ ಬೇಕು.

ಕೊನೆಯ ಮಾತು ನಮ್ಮ ಸಂಘಗಳಿಗೆ. 1956ರವರೆಗೆ ಬೀದರ್, ಕಲಬುರಗಿ, ಔರಂಗಾಬಾದ್ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅದಕ್ಕೂ ಹಿಂದೆ ವೇರೂಳದ ಕೈಲಾಸವನ್ನು ಕೊರೆಸಿದವರು ರಾಷ್ಟ್ರಕೂಟರು. ಇವನ್ನೆಲ್ಲ ರಾಜ್ಯೋತ್ಸವದ ವೇದಿಕೆಯಲ್ಲಿ ವರ್ಷವೂ ಹೇಳುತ್ತೇವೆ. ಆರ್ಕೆಸ್ಟ್ರಾಕ್ಕೆ ದೇಣಿಗೆ ಎತ್ತುತ್ತೇವೆ. ಆದರೆ ಸದಸ್ಯರಲ್ಲಿರುವ ಹಿರಿಯ ಸಾಫ್ಟ್‌ವೇರ್ ಎಂಜಿನಿಯರುಗಳು ಭಾನುವಾರ ಎರಡು ಗಂಟೆ ಕುಳಿತು ಊರಿನವನೊಬ್ಬನ ಕೋಡ್ ನೋಡುವ ಏರ್ಪಾಡನ್ನು ಎಷ್ಟು ಸಂಘಗಳು ಮಾಡಿವೆ? ಆ ಎರಡು ಗಂಟೆ ಸಿಗದ ಕಾರಣಕ್ಕೇ ನಮ್ಮವರು ಸಾಲಪತ್ರಕ್ಕೆ ಸಹಿ ಹಾಕುತ್ತಾರೆ. ಈ ತಪ್ಪಿನಲ್ಲಿ ನನಗೂ ಪಾಲಿದೆ.

ನಮ್ಮ ಗೆಳೆಯರು ಸಹಿ ಹಾಕಲಿಲ್ಲ. ಹನ್ನೆರಡು ವಾರ ಹದಿನೇಳಾಯಿತು, ಏಕೆಂದರೆ ರಾತ್ರಿಪಾಳಿ ಇತ್ತು. ಅವರು ಕಟ್ಟಿದ್ದು ನಮ್ಮ ಬಳಗದ ಪುಸ್ತಕಗಳ ಪಟ್ಟಿ. ಮೊದಲ ಸಲ ತೆರೆದಾಗ ಸಾಲುಗಳು ಇಕ್ಕಟ್ಟಾಗಿ ಒತ್ತಕ್ಷರಗಳ ಬುಡ ಕತ್ತರಿಸಿಹೋಗಿತ್ತು. ಇಂಗ್ಲಿಷ್ ಅಕ್ಷರಕ್ಕೆ ಗೊತ್ತುಮಾಡಿದ ಸಾಲಿನ ಎತ್ತರ ಕನ್ನಡಕ್ಕೆ ಸಾಲದೆಂದು ಅವರೇ ಕಂಡುಕೊಂಡು ಸರಿಪಡಿಸಿದರು. ಆ ಪಾಠ ಯಾವ ಜಾಹೀರಾತಿನಲ್ಲೂ ಇರಲಿಲ್ಲ. ಅವರಿಗೆ ಹೊಸ ಕೆಲಸ ಇನ್ನೂ ಸಿಕ್ಕಿಲ್ಲ. ಸಾಲವೂ ಇಲ್ಲ. ಮುಕ್ತ ವಿಶ್ವವಿದ್ಯಾಲಯದ ಅರ್ಜಿ ತುಂಬಿದ್ದಾರೆ. ಬರುವ ಭಾನುವಾರ ಅವರ ಕೋಡ್ ನೋಡಲು ಇಬ್ಬರು ಬರುತ್ತೇವೆಂದು ಒಪ್ಪಿದ್ದಾರೆ. ಮೂರನೆಯವರು ಬೇಕಾಗಿದ್ದಾರೆ.