ಲೆಕ್ಕವಿಡುವ ವಿದ್ಯೆ

ಹತ್ತನೆಯ ತರಗತಿಯನ್ನು ದಾಟಿದ ಮೇಲೆ ಮುಂದೇನು ಓದಬೇಕೆಂಬ ಪ್ರಶ್ನೆ ಎಲ್ಲ ಮನೆಗಳಲ್ಲಿಯೂ ಏಳುತ್ತದೆ. ಹೆಚ್ಚು ಅಂಕ ಪಡೆದವರಿಗೆ ವಿಜ್ಞಾನ, ಅದು ದೊರೆಯದವರಿಗೆ ವಾಣಿಜ್ಯ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಇದರಿಂದಾಗಿ ಲೆಕ್ಕಶಾಸ್ತ್ರವು ಬೇರೆ ದಾರಿ ಕಾಣದವರ ವಿದ್ಯೆಯೆಂಬ ಅಪಖ್ಯಾತಿಗೆ ಗುರಿಯಾಗಿದೆ. ಆದರೆ ಪುತ್ತೂರು, ಸುಳ್ಯ, ಕಡಬಗಳಂತಹ ಕೃಷಿಪ್ರಧಾನ ತಾಲ್ಲೂಕುಗಳಲ್ಲಿ ಕಾಲೇಜಿಗೆ ಕಾಲಿಡುವ ಅಥವಾ ದುಡಿಮೆಗೆ ಇಳಿಯುವ ಮುನ್ನವೇ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ವಿದ್ಯೆಯ ಮೊದಲ ಪಾಠಗಳನ್ನು ಕಲಿಯಬೇಕೆಂಬುದು ನನ್ನ ಅಭಿಪ್ರಾಯ.

ಸಂಬಳಗಾರನ ವರಮಾನ ತಿಂಗಳಿಗೊಮ್ಮೆ ಬರುತ್ತದೆ. ಅಡಿಕೆ ಬೆಳೆಗಾರನ ಸ್ಥಿತಿ ಹಾಗಲ್ಲ. ಮಳೆಗಾಲದಲ್ಲಿ ಕೊಳೆರೋಗವನ್ನು ತಡೆಯಲು ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕು. ಮೈಲುತುತ್ತಿಗೆ, ಸುಣ್ಣಕ್ಕೆ, ಕೂಲಿಗೆ ಹಣ ಸುರಿಯಬೇಕು. ಕೊಯ್ದ ಅಡಿಕೆಯನ್ನು ಅಂಗಳದಲ್ಲಿ ವಾರಗಟ್ಟಲೆ ಒಣಗಿಸಿ, ಸುಲಿದು ಮಾರಿದ ಮೇಲೆಯೇ ಹಣದ ಮುಖ ಕಾಣುವುದು. ಖರ್ಚು ದಿನನಿತ್ಯದ್ದು, ಆದಾಯ ವರ್ಷದಲ್ಲಿ ಕೆಲವೇ ಬಾರಿಯದು. ಮಾರಾಟದ ದಿನ ಕೈ ತುಂಬಿದ ಹಣವನ್ನೆಲ್ಲ ಲಾಭವೆಂದು ತಿಳಿಯುವ ಮನೆಯನ್ನು ಸಾಲ ಹಿಂಬಾಲಿಸುತ್ತದೆ.

ಒಂದು ಉದಾಹರಣೆಯನ್ನು ನೋಡಿರಿ. ಒಬ್ಬ ರೈತ ಸಹಕಾರಿ ಸಂಘದಿಂದ 1,00,000 ರೂಪಾಯಿ ಸಾಲ ತಂದು, 60,000 ರೂಪಾಯಿಯಲ್ಲಿ ಅಡಿಕೆ ಸಸಿಗಳನ್ನು ನೆಡಿಸಿ, ಉಳಿದ 40,000 ರೂಪಾಯಿಯನ್ನು ಪೆಟ್ಟಿಗೆಯಲ್ಲಿಟ್ಟನೆನ್ನೋಣ. ಅವನು 40,000 ಗಳಿಸಿದನೇ? 60,000 ಕಳೆದುಕೊಂಡನೇ? ಎರಡೂ ಅಲ್ಲ. ಪೆಟ್ಟಿಗೆಯ ಹಣ ಹಿಂದಿರುಗಿಸಬೇಕಾದದ್ದು. ಸಸಿಗಳು ಫಲ ಕೊಡಲು ಹಲವು ವರ್ಷ ಬೇಕಾದರೂ ಬಳಿಕ ದೀರ್ಘಕಾಲ ಆದಾಯ ತರುವುದರಿಂದ ಆ ವೆಚ್ಚ ಬಂಡವಾಳ. ಒಂದೇ ಮಳೆಗಾಲಕ್ಕೆ ಮುಗಿದುಹೋಗುವ ಮೈಲುತುತ್ತಿನದು ಆ ವರ್ಷದ ಖರ್ಚು. ಪ್ರತಿಯೊಂದು ವ್ಯವಹಾರಕ್ಕೂ ಎರಡು ಮುಖಗಳುಂಟೆಂಬ ಈ ತತ್ತ್ವವೇ ಜೋಡಿ ನಮೂದು ಪದ್ಧತಿಯ ತಳಹದಿ. ಇಟಲಿಯ ಲೂಕಾ ಪಚೋಲಿಯು 1494ರಲ್ಲಿ ವೆನಿಸ್ಸಿನಲ್ಲಿ ಮುದ್ರಿತವಾದ ತನ್ನ ಗಣಿತಗ್ರಂಥದಲ್ಲಿ ಇದನ್ನು ವಿವರಿಸಿದನು.

ಈ ಜ್ಞಾನ ಮನೆಯ ಹೊಸಿಲಿಗೇ ನಿಲ್ಲತಕ್ಕದ್ದಲ್ಲ. ನಮ್ಮ ಜಿಲ್ಲೆ ಸಹಕಾರದ ನೆಲ. ಪುತ್ತೂರಿನ ಮೊಳಹಳ್ಳಿ ಶಿವರಾಯರು ಕಳೆದ ಶತಮಾನದ ಆದಿಭಾಗದಲ್ಲಿಯೇ ಇಲ್ಲಿ ಸಹಕಾರ ಚಳವಳಿಯನ್ನು ಬೆಳೆಸಿದರು. ಬೆಲೆಕುಸಿತದಿಂದ ನೊಂದ ಅಡಿಕೆ ಬೆಳೆಗಾರರು 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಸಂಸ್ಥೆಯನ್ನು ಕಟ್ಟಿಕೊಂಡರು. 1986ರಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಪುತ್ತೂರಿನಲ್ಲಿ ಆರಂಭವಾಯಿತು. ಇಂತಹ ಸಂಸ್ಥೆಗಳ ಒಡೆಯರು ಸದಸ್ಯರೇ. ಹೆಚ್ಚು ಪಾಲು ಉಳ್ಳವನಿಗೂ ಒಂದೇ ಮತ, ಕಡಿಮೆ ಪಾಲಿನವನಿಗೂ ಒಂದೇ ಮತ. ಆದರೆ ವಾರ್ಷಿಕ ಮಹಾಸಭೆಯಲ್ಲಿ ಕೈಗಿತ್ತ ಆಸ್ತಿ ಹೊಣೆಗಳ ಪಟ್ಟಿಯನ್ನು ಓದಲಾರದೆ, ನೆರೆಯವನು ಕೈಯೆತ್ತಿದನೆಂದು ತಾನೂ ಕೈಯೆತ್ತುವ ಸದಸ್ಯನ ಒಡೆತನ ಹೆಸರಿಗಷ್ಟೆ. ಸದಸ್ಯರಲ್ಲಿ ಪ್ರಶ್ನಿಸುವ ಶಕ್ತಿ ಇಲ್ಲದಿದ್ದರೆ ಪ್ರಾಮಾಣಿಕನಾದ ಕಾರ್ಯದರ್ಶಿಗೂ ರಕ್ಷಣೆಯಿಲ್ಲ, ಅಪ್ರಾಮಾಣಿಕನಿಗೆ ಭಯವೂ ಇಲ್ಲ.

ಗಣಕಯಂತ್ರವೇ ಎಲ್ಲವನ್ನೂ ಕೂಡಿಸಿ ಕಳೆಯುತ್ತಿರುವಾಗ ಈ ಶ್ರಮವೇಕೆಂದು ಕೆಲವರು ಕೇಳಬಹುದು. ಯಂತ್ರವು ಕೊಟ್ಟ ಅಂಕಿಗಳನ್ನು ತಪ್ಪಿಲ್ಲದೆ ಕೂಡಿಸುವುದು ನಿಜ. ಆದರೆ ಸಾಲವನ್ನು ಆದಾಯವೆಂದು ಬರೆದರೆ ಅದು ಆ ತಪ್ಪನ್ನೂ ಅಚ್ಚುಕಟ್ಟಾಗಿಯೇ ಕೂಡಿಸುತ್ತದೆ. ವಿವೇಚನೆ ಮನುಷ್ಯನದೇ ಆಗಬೇಕು.

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ವ್ಯವಹಾರ ಅಧ್ಯಯನದ ಪಾಠಗಳಿವೆ. ಅವು ಪರೀಕ್ಷೆಯ ಉತ್ತರಗಳಾಗಿ ಮುಗಿದುಹೋಗಬಾರದು. ನಿಮ್ಮ ಮನೆಯ ಒಂದು ತಿಂಗಳ ಜಮಾಖರ್ಚನ್ನು ಹಿರಿಯರೊಡನೆ ಕುಳಿತು ಬರೆಯಿರಿ. ಬಂದ ಹಣದಲ್ಲಿ ನಮ್ಮದೆಷ್ಟು, ಕೊಡತಕ್ಕದ್ದೆಷ್ಟು ಎಂದು ಬೇರ್ಪಡಿಸಿರಿ. ಮುಂದೆ ನೀವು ವೈದ್ಯರಾದರೂ ಸರಿ, ಕೃಷಿಕರಾದರೂ ಸರಿ, ನಿಮ್ಮ ಬದುಕಿನ ಲೆಕ್ಕವನ್ನು ಇನ್ನೊಬ್ಬರ ಬಾಯಿಂದ ಕೇಳಿ ತಿಳಿಯಬೇಕಾದ ಸ್ಥಿತಿ ನಿಮಗೆ ಬಾರದಿರಲಿ.