ಬಣ್ಣವೂ ಬೋಧನೆಯೂ

1792ನೆಯ ಇಸವಿಯ ಶರತ್ಕಾಲ. ಇಂಗ್ಲೆಂಡಿನ ಜಾನ್ ಡಾಲ್ಟನ್ ಎಂಬ ತರುಣ ಉಪಾಧ್ಯಾಯನು ಒಂದು ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಜೆರೇನಿಯಂ ಹೂವೊಂದನ್ನು ನೋಡಿದನು. ಹಗಲಿನಲ್ಲಿ ಆಕಾಶದಂತೆ ನೀಲಿಯಾಗಿ ಕಂಡಿದ್ದ ಹೂವು ಈಗ ಕೆಂಪಗೆ ಕಾಣುತ್ತಿತ್ತು! ಬೆಳಕು ಬದಲಾದ ಮಾತ್ರಕ್ಕೆ ಹೂವಿನ ಬಣ್ಣ ಹೀಗೆ ಬುಡಮೇಲಾಗುವುದುಂಟೆ? ಸ್ನೇಹಿತರನ್ನು ಕರೆದು ಕೇಳಿದನು. ಹಗಲಾಗಲಿ ಇರುಳಾಗಲಿ ಹೂವಿನ ಬಣ್ಣದಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲವೆಂದು ಅವರೆಲ್ಲರೂ ಹೇಳಿದರು. ಡಾಲ್ಟನ್ನನ ಮಾತನ್ನು ಒಪ್ಪಿದವನು ಒಬ್ಬನೇ. ಅವನು ಡಾಲ್ಟನ್ನನ ಒಡಹುಟ್ಟಿದ ಅಣ್ಣ. ದೋಷವು ಹೂವಿನಲ್ಲೂ ಇಲ್ಲ, ದೀಪದಲ್ಲೂ ಇಲ್ಲ, ತಮ್ಮಿಬ್ಬರ ಕಣ್ಣಿನಲ್ಲಿಯೇ ಇದೆ ಎಂಬುದು ಆಗ ಅವನಿಗೆ ಹೊಳೆಯಿತು.

1794ರಲ್ಲಿ ಮ್ಯಾಂಚೆಸ್ಟರ್ ನಗರದ ವಿದ್ವತ್ಸಭೆಯೊಂದರಲ್ಲಿ ಅವನು ಈ ವಿಷಯವನ್ನು ಕುರಿತು ಪ್ರಬಂಧವನ್ನು ಓದಿದನು. ಮುಂದೆ ಪರಮಾಣು ಸಿದ್ಧಾಂತದಿಂದ ಜಗತ್ಪ್ರಸಿದ್ಧನಾದ ಡಾಲ್ಟನ್ ಈತನೇ. ಹನ್ನೆರಡನೆಯ ವಯಸ್ಸಿಗೇ ಪಾಠ ಹೇಳಲು ನಿಂತವನು, ಪ್ರಕೃತಿಯನ್ನು ಕಣ್ಣಿಟ್ಟು ನೋಡುವುದನ್ನೇ ವ್ರತವಾಗಿಸಿಕೊಂಡವನು. ಆದರೂ ತನ್ನ ಕಣ್ಣು ಇತರರ ಕಣ್ಣಿನಂತಲ್ಲ ಎಂಬುದು ಅವನಿಗೆ ತಿಳಿದದ್ದು ಇಪ್ಪತ್ತಾರರ ಪ್ರಾಯದಲ್ಲಿ. ತಾನು ಕಂಡಂತೆಯೇ ಲೋಕವೆಲ್ಲ ಕಾಣುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿಯಾದುದು.

ಈ ಹಳೆಯ ಕಥೆ ಇಂದು ನೆನಪಿಗೆ ಬರಲು ಕಾರಣವಿದೆ. ಪಾಠಶಾಲೆ ಈಗ ಮನೆಯ ನಡುಮನೆಗೆ ಬಂದಿದೆ. ನಮ್ಮ ದೇಶದ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಎನ್‌ಪಿಟಿಇಎಲ್ ಎಂಬ ಹೆಸರಿನಲ್ಲಿ ಅಂತರಜಾಲದ ಪಾಠಗಳಿಗೆ ಕೈಹಾಕಿದವು. 2017ರಲ್ಲಿ ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆ ತೆರೆಯಿತು. 2020ರ ಮಹಾಮಾರಿಯ ಕಾಲದಲ್ಲಂತೂ ಆನ್‌ಲೈನ್ ಪಾಠವೆಂಬ ಮಾತನ್ನು ಕೇಳದ ಮನೆ ಪಟ್ಟಣಗಳಲ್ಲಿ ಉಳಿಯಲಿಲ್ಲ. ಹಿಂದೆ ಅಧ್ಯಾಪಕನ ಕೈಯಲ್ಲಿದ್ದುದು ಕರಿಯ ಹಲಗೆ, ಬಿಳಿಯ ಸೀಮೆಸುಣ್ಣ. ಹಬ್ಬಕ್ಕೊಮ್ಮೆ ಬಣ್ಣದ ಸೀಮೆಸುಣ್ಣ. ಇಂದಿನ ಪರದೆಯಾದರೋ ಸಾಮಾನ್ಯ ಲೆಕ್ಕದಲ್ಲಿ 1,67,77,216 ಬಣ್ಣಗಳನ್ನು ತೋರಬಲ್ಲದು. ಇಷ್ಟು ದೊಡ್ಡ ಬಣ್ಣದ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಪಾಠದ ಪುಟವನ್ನು ಅಣಿಗೊಳಿಸಲು ಕುಳಿತ ಅಧ್ಯಾಪಕನಿಗೆ ಸಲಹೆಗಾರರು ಸಾಲುಗಟ್ಟಿ ದೊರೆಯುತ್ತಾರೆ. ನೀಲಿ ಮನಸ್ಸನ್ನು ತಣಿಸುತ್ತದೆ, ಹಳದಿ ಉಲ್ಲಾಸ ತರುತ್ತದೆ, ಕೆಂಪು ಕೆರಳಿಸುತ್ತದೆ, ಹಸಿರು ಏಕಾಗ್ರತೆಯನ್ನು ಕೊಡುತ್ತದೆ ಎಂದು ಅವರು ಪಂಚಾಂಗದ ಫಲ ಹೇಳುವಂತೆ ಹೇಳಿಬಿಡುತ್ತಾರೆ.

ಈ ಮಾತುಗಳಲ್ಲಿ ಸತ್ಯಾಂಶ ಎಷ್ಟು?

ಬಣ್ಣಕ್ಕೂ ಭಾವಕ್ಕೂ ನಂಟು ಹಚ್ಚುವ ಆಸೆ ಹೊಸದಲ್ಲ. ಜರ್ಮನಿಯ ಮಹಾಕವಿ ಗಯಟೆ 1810ರಲ್ಲಿ ಬಣ್ಣಗಳನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದು, ಹಳದಿಯಲ್ಲಿ ಬಿಸುಪನ್ನೂ ನೀಲಿಯಲ್ಲಿ ತಂಪನ್ನೂ ಕಂಡನು. ಅವನಿಗೆ ಎಷ್ಟೋ ಶತಮಾನಗಳ ಹಿಂದೆಯೇ ನಮ್ಮ ನಾಟ್ಯಶಾಸ್ತ್ರವು ಒಂದೊಂದು ರಸಕ್ಕೂ ಒಂದೊಂದು ವರ್ಣವನ್ನು ವಿಧಿಸಿತ್ತು: ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ರೌದ್ರಕ್ಕೆ ಕೆಂಪು, ಕರುಣಕ್ಕೆ ಪಾರಿವಾಳದ ಬೂದು. ರೌದ್ರಕ್ಕೆ ಕೆಂಪೆಂದರೆ ಪಶ್ಚಿಮದವರೂ ತಲೆದೂಗುವರು. ಶೃಂಗಾರಕ್ಕೆ ಶ್ಯಾಮವೆಂದರೆ ಹುಬ್ಬೇರಿಸುವರು. ಯೂರೋಪಿನ ವಧು ಬಿಳಿಯ ಉಡುಪನ್ನು ತೊಟ್ಟು ಚರ್ಚಿಗೆ ಹೋಗುತ್ತಾಳೆ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಮದುಮಗಳಿಗೆ ಬರಿಯ ಬಿಳಿಯ ಸೀರೆಯನ್ನು ಉಡಿಸಿದರೆ ಅಜ್ಜಿಯಂದಿರು ಸುಮ್ಮನಿರುವುದಿಲ್ಲ. ಬಣ್ಣದ ಅರ್ಥದಲ್ಲಿ ಕಣ್ಣಿನ ಪಾಲು ಎಷ್ಟಿದೆಯೋ ಮನೆತನದ, ನಾಡಿನ, ನೆನಪಿನ ಪಾಲೂ ಅಷ್ಟೇ ಇದೆ.

ಇನ್ನು ಪ್ರಯೋಗಶಾಲೆಯ ಸಾಕ್ಷ್ಯವನ್ನು ನೋಡೋಣ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಆಂಡ್ರೂ ಎಲಿಯಟ್ ಮತ್ತು ಅವರ ಸಂಗಡಿಗರು 2007ರಲ್ಲಿ ಒಂದು ಕುತೂಹಲಕರವಾದ ಫಲಿತಾಂಶವನ್ನು ಪ್ರಕಟಿಸಿದರು. ಪರೀಕ್ಷೆಗೆ ಮುನ್ನ ಕೆಂಪು ಬಣ್ಣವನ್ನು ಕಂಡ ವಿದ್ಯಾರ್ಥಿಗಳು, ಹಸಿರನ್ನೋ ಕಪ್ಪನ್ನೋ ಕಂಡವರಿಗಿಂತ ಕಡಮೆ ಅಂಕಗಳನ್ನು ಪಡೆದರಂತೆ. ಕೆಂಪು ಶಾಯಿಯ ತಿದ್ದುಪಡಿಯ ನೆನಪೂ ಅಪಾಯದ ಸೂಚನೆಯೂ ಕೂಡಿ ಮನಸ್ಸನ್ನು ಹಿಂಜರಿಯುವಂತೆ ಮಾಡಿರಬಹುದೆಂದು ವಿವರಣೆ ಹೊರಟಿತು. 2009ರಲ್ಲಿ ಕೆನಡಾದ ಇಬ್ಬರು ಸಂಶೋಧಕರು ಕಂಪ್ಯೂಟರ್ ಪರದೆಯ ಹಿನ್ನೆಲೆಯನ್ನೇ ಬದಲಾಯಿಸಿ ನೋಡಿ, ಸೂಕ್ಷ್ಮ ವಿವರಗಳ ಕೆಲಸಕ್ಕೆ ಕೆಂಪು ಒಳ್ಳೆಯದು, ಹೊಸ ಕಲ್ಪನೆಯ ಕೆಲಸಕ್ಕೆ ನೀಲಿ ಒಳ್ಳೆಯದು ಎಂದರು. ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಆದರೆ ವಿಜ್ಞಾನದಲ್ಲಿ ಒಮ್ಮೆ ಕಂಡದ್ದು ಮರಳಿ ಕಾಣಬೇಕು. 2014ರಲ್ಲಿ ಪ್ರಕಟವಾದ ಮರುಪ್ರಯೋಗದಲ್ಲಿ ಆ ಪರಿಣಾಮ ಕಾಣಲಿಲ್ಲ. ಕೆಂಪಿನ ಕೆಡುಕನ್ನು ಕುರಿತ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ 2020ರ ಲೇಖನವೊಂದು, ಅದಕ್ಕೆ ಗಟ್ಟಿಯಾದ ಆಧಾರ ಸಾಲದೆಂದು ತೀರ್ಮಾನಿಸಿತು.

ನಸುಗೆಂಪಿನ ಕಥೆಯೂ ಇಂತಹುದೇ. 1979ರಲ್ಲಿ ಅಮೆರಿಕದ ಸಿಯಾಟಲ್ ನಗರದ ನೌಕಾದಳದ ಸೆರೆಮನೆಯೊಂದರಲ್ಲಿ ಕೋಣೆಗೆ ಒಂದು ಬಗೆಯ ನಸುಗೆಂಪನ್ನು ಬಳಿದು, ಕೈದಿಗಳ ರೋಷ ಇಳಿಯಿತೆಂದು ಹೇಳಿದರು. ಬೇರೆ ಸೆರೆಮನೆಗಳೂ ಬಣ್ಣದ ಡಬ್ಬಿಗಳನ್ನು ತರಿಸಿದವು. ಮೂರು ದಶಕಗಳಿಗೂ ಹೆಚ್ಚು ಕಾಲದ ಮೇಲೆ ಸ್ವಿಟ್ಜರ್ಲೆಂಡಿನ ಸೆರೆಮನೆಯೊಂದರಲ್ಲಿ ಕೆಲವರನ್ನು ನಸುಗೆಂಪಿನ ಕೋಣೆಯಲ್ಲಿಯೂ ಕೆಲವರನ್ನು ಬಿಳಿಯ ಕೋಣೆಯಲ್ಲಿಯೂ ಇರಿಸಿ ಹೋಲಿಸಿ ನೋಡಿದಾಗ, ಕೈದಿಗಳ ಕೋಪದಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಹಾಗಾದರೆ ಪಾಠಕ್ಕೆ ಬಣ್ಣವೇ ಬೇಡವೆ? ಹಾಗೆಂದರೆ ಮಜ್ಜಿಗೆ ಹುಳಿಯಾಯಿತೆಂದು ಹಸುವನ್ನೇ ಮಾರಿದಂತಾದೀತು. 2012ರಲ್ಲಿ ಅಮೆರಿಕದ ಸಂಶೋಧಕರು ರೋಗನಿರೋಧಕ ಶಕ್ತಿಯನ್ನು ಕುರಿತ ಒಂದೇ ಪಾಠವನ್ನು ಎರಡು ಬಗೆಯಾಗಿ ಸಿದ್ಧಪಡಿಸಿದರು. ಒಂದು ಬೂದು ಬಣ್ಣದ್ದು. ಇನ್ನೊಂದರಲ್ಲಿ ಬೆಚ್ಚನೆಯ ಬಣ್ಣಗಳು, ಮುಖದ ಹೋಲಿಕೆಯ ದುಂಡನೆಯ ಆಕೃತಿಗಳು. ಎರಡನೆಯದನ್ನು ಓದಿದವರಿಗೆ ವಿಷಯ ಹೆಚ್ಚು ಚೆನ್ನಾಗಿ ಅರ್ಥವಾಯಿತು. ಬಣ್ಣವನ್ನೂ ಆಕೃತಿಯನ್ನೂ ಬೇರ್ಪಡಿಸಿ 2014ರಲ್ಲಿ ಮತ್ತೆ ಪರೀಕ್ಷಿಸಿದಾಗ, ಮನಸ್ಸಿಗೆ ಉಲ್ಲಾಸ ತಂದದ್ದು ಆಕೃತಿಯೇ ಹೊರತು ಬಣ್ಣವೊಂದೇ ಅಲ್ಲ, ಆದರೆ ಗ್ರಹಿಕೆಗೆ ಬಣ್ಣವೂ ನೆರವಾಗುತ್ತದೆ ಎಂದು ತಿಳಿದುಬಂತು. ಬಣ್ಣಕ್ಕೆ ಮಾಂತ್ರಿಕನ ಶಕ್ತಿಯಿಲ್ಲ. ಒಳ್ಳೆಯ ಸಹಾಯಕನ ಶಕ್ತಿಯಿದೆ.

ಆ ಸಹಾಯಕನ ಮುಖ್ಯವಾದ ಕೆಲಸ ಬೆರಳಿಟ್ಟು ತೋರಿಸುವುದು. ಹೃದಯದ ಚಿತ್ರದಲ್ಲಿ ಶುದ್ಧ ರಕ್ತದ ದಾರಿಯನ್ನು ಒಂದು ಬಣ್ಣದಲ್ಲಿಯೂ ಅಶುದ್ಧ ರಕ್ತದ ದಾರಿಯನ್ನು ಇನ್ನೊಂದರಲ್ಲಿಯೂ ತೋರಿಸಿ, ಪಕ್ಕದ ವಿವರಣೆಯಲ್ಲಿ ಆಯಾ ಪದಕ್ಕೂ ಅದೇ ಬಣ್ಣವನ್ನು ಕೊಟ್ಟರೆ, ಕಣ್ಣು ಅಲೆಯದೆ ಚಿತ್ರವನ್ನೂ ಮಾತನ್ನೂ ಕೂಡಿಸಿಕೊಳ್ಳುತ್ತದೆ. ಆದರೆ ಪುಟದಲ್ಲಿ ಹತ್ತು ಬಣ್ಣಗಳಿದ್ದರೆ ಹತ್ತು ಬೆರಳುಗಳು ಹತ್ತು ದಿಕ್ಕಿಗೆ ಚಾಚಿದಂತೆ. ಎರಡೋ ಮೂರೋ ಬಣ್ಣಗಳನ್ನು ಆರಿಸಿ, ಒಂದೊಂದಕ್ಕೆ ಒಂದೊಂದು ಕೆಲಸವನ್ನು ಗೊತ್ತುಮಾಡಿ, ಮೊದಲ ಪಾಠದಿಂದ ಕೊನೆಯ ಪಾಠದವರೆಗೆ ಅದನ್ನು ಬದಲಿಸದಿರುವುದೇ ಜಾಣತನ. ವ್ಯಾಖ್ಯೆಗಳಿಗೆ ನೀಲಿ ಎಂದ ಮೇಲೆ ಆ ನೀಲಿ ಬರಿಯ ಅಲಂಕಾರಕ್ಕೆ ಎಲ್ಲಿಯೂ ಇಣುಕಬಾರದು.

ಎರಡನೆಯದು ಅಕ್ಷರಕ್ಕೂ ಹಿನ್ನೆಲೆಗೂ ಇರುವ ಅಂತರ. ಇದನ್ನು ಊಹೆಗೆ ಬಿಡಬೇಕಾಗಿಲ್ಲ, ಅಳೆಯಲು ಕ್ರಮವಿದೆ. ಬಿಳಿಯ ಮೇಲಿನ ಕಪ್ಪಿನ ಅಂತರ 21ಕ್ಕೆ 1. ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಕನಿಷ್ಠ ಪಕ್ಷ 4.5ಕ್ಕೆ 1 ಇರಬೇಕೆಂದು ಜಾಲತಾಣಗಳ ಅಂತರರಾಷ್ಟ್ರೀಯ ಸೂತ್ರಗಳು ವಿಧಿಸುತ್ತವೆ. ಬಿಳಿಯ ಮೇಲೆ ಅಚ್ಚ ನೀಲಿಯಲ್ಲಿ ಬರೆದರೆ ಅದು 8.6ರಷ್ಟಿರುತ್ತದೆ, ಅಚ್ಚ ಕೆಂಪಿನಲ್ಲಿ ಬರೆದರೆ 4ಕ್ಕೆ ಇಳಿಯುತ್ತದೆ, ಅಚ್ಚ ಹಳದಿಯಲ್ಲಿ ಬರೆದರೆ 1.1 ಕೂಡ ಮುಟ್ಟುವುದಿಲ್ಲ. ಉಲ್ಲಾಸ ತರಲೆಂದು ಹಳದಿಯಲ್ಲಿ ಬರೆದ ಶೀರ್ಷಿಕೆ, ಬಿಸಿಲಿನಲ್ಲಿ ಬಸ್ಸಿಗೆ ಕಾಯುತ್ತ ಕೈಫೋನಿನಲ್ಲಿ ಓದುವ ವಿದ್ಯಾರ್ಥಿನಿಗೆ ಕಾಣುವುದೇ ಇಲ್ಲ. ಕಾಣದ ಅಕ್ಷರ ಯಾವ ಉಲ್ಲಾಸವನ್ನು ತಂದೀತು? ವಯಸ್ಸಾದವರ ಕಣ್ಣಿನ ಮಸೂರವು ಹಳದಿಗಟ್ಟುತ್ತ ಹೋಗುವುದರಿಂದ ನೀಲಿಯ ಛಾಯೆಗಳು ಅವರಿಗೆ ಒಂದರೊಳಗೊಂದು ಬೆರೆತು ಕಾಣುತ್ತವೆ. ನಿವೃತ್ತರಾದ ಮೇಲೆ ಹೊಸತೇನನ್ನಾದರೂ ಕಲಿಯೋಣವೆಂದು ಕುಳಿತ ತಾತನಿಗೂ ಪಾಠದಲ್ಲಿ ಹಕ್ಕಿದೆಯಲ್ಲವೆ?

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಅದು ಡಾಲ್ಟನ್ನನ ಹೂವಿಗೆ ಸಂಬಂಧಿಸಿದುದು. ಮಧ್ಯಮವರ್ಗದ ಮನೆಯೊಂದರ ದೃಶ್ಯವನ್ನು ಊಹಿಸಿಕೊಳ್ಳೋಣ. ಹತ್ತು ವರ್ಷದ ಹುಡುಗ ಆನ್‌ಲೈನಿನಲ್ಲಿ ಗಣಿತದ ಅಭ್ಯಾಸವನ್ನು ಮಾಡುತ್ತಿದ್ದಾನೆ. ಉತ್ತರ ಸರಿಯಾದರೆ ಚೌಕ ಹಸಿರಾಗುತ್ತದೆ, ತಪ್ಪಾದರೆ ಕೆಂಪಾಗುತ್ತದೆ. ಬೇರೆ ಗುರುತೇನೂ ಇಲ್ಲ.

"ಅಮ್ಮಾ, ಯಾವುದು ತಪ್ಪಾಯ್ತು ಅಂತ ಇದು ಹೇಳೋದೇ ಇಲ್ಲವಲ್ಲ!"

"ಕಣ್ಣು ಬಿಟ್ಟು ನೋಡೋ. ಮೂರನೇದು ಕೆಂಪಗೆ ಹೊಳೀತಿದೆ. ನಿನಗೆ ಗಮನವೇ ಇಲ್ಲ."

ಹುಡುಗ ಮತ್ತೆ ನೋಡುತ್ತಾನೆ. ಐದು ಚೌಕಗಳೂ ಒಂದೇ ಮಾಸಲು ಬಣ್ಣ. ಸುಳ್ಳು ಹೇಳುತ್ತಿದ್ದೇನೆಂದು ಅಮ್ಮ ತಿಳಿದಾಳೆಂಬ ಭಯದಿಂದ "ಹೂಂ, ಕಾಣಿಸ್ತು" ಎನ್ನುತ್ತಾನೆ. ತಿಂಗಳು ಕಳೆಯುವುದರೊಳಗೆ ಅವನು ಗಣಿತದಲ್ಲಿ ದಡ್ಡನೆಂದು ಮನೆಯಲ್ಲಿ ಗೊತ್ತಾಗಿಬಿಡುತ್ತದೆ. ಅವನಿಗೂ ಹಾಗೆಯೇ ಅನ್ನಿಸತೊಡಗುತ್ತದೆ. ಹಸಿಮೆಣಸಿನಕಾಯಿಯ ರಾಶಿಯಲ್ಲಿ ಹಣ್ಣು ಮೆಣಸಿನಕಾಯಿಯನ್ನು ಗುರುತಿಸಲಾಗದೆ ಹಾಸ್ಯಕ್ಕೀಡಾಗುತ್ತಿದ್ದ ತನ್ನ ತಂದೆಯ ನೆನಪು ಆ ತಾಯಿಗೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು! ಕೆಂಪು ಹಸಿರುಗಳನ್ನು ಬೇರ್ಪಡಿಸಲಾಗದ ಈ ಕೊರತೆ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುತ್ತದೆ. ಅಜ್ಜನಲ್ಲಿದ್ದುದು ಮಗಳಲ್ಲಿ ಅಡಗಿದ್ದು ಮೊಮ್ಮಗನಲ್ಲಿ ತಲೆಯೆತ್ತುತ್ತದೆ. ಉತ್ತರ ಯೂರೋಪಿನ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ, ಹೆಂಗಸರಲ್ಲಿ ಇನ್ನೂರಕ್ಕೆ ಸುಮಾರು ಒಬ್ಬರಿಗೆ ಇದು ಇದೆ. ಜನಾಂಗದಿಂದ ಜನಾಂಗಕ್ಕೆ ಪ್ರಮಾಣ ಬದಲಾದರೂ ಇದನ್ನರಿಯದ ಜನಾಂಗವಿಲ್ಲ. ಸಾವಿರಾರು ಮಂದಿ ಸೇರುವ ಅಂತರಜಾಲದ ತರಗತಿಯಲ್ಲಿ ಅಂಥ ವಿದ್ಯಾರ್ಥಿ ಇಲ್ಲವೆಂದುಕೊಳ್ಳುವ ಅಧ್ಯಾಪಕ ತನ್ನನ್ನೇ ವಂಚಿಸಿಕೊಳ್ಳುತ್ತಾನೆ.

ಪರಿಹಾರ ಕಷ್ಟವಾದುದೇನಲ್ಲ, ನಗರದ ಚೌಕಗಳಲ್ಲಿ ಪ್ರತಿದಿನವೂ ನಮ್ಮ ಕಣ್ಣೆದುರಿಗೇ ನಿಂತಿದೆ. ಸಂಚಾರದ ದೀಪಗಳಲ್ಲಿ ಕೆಂಪು ಮೇಲೆ, ಹಸಿರು ಕೆಳಗೆ. ಬಣ್ಣ ತಿಳಿಯದವನೂ ಸ್ಥಾನದಿಂದ ತಿಳಿಯುತ್ತಾನೆ. ಹಾಗೆಯೇ ಪಾಠದಲ್ಲಿಯೂ ಬಣ್ಣವೊಂದನ್ನೇ ನಂಬಬಾರದು. ಹಸಿರಿನ ಜೊತೆಗೆ 'ಸರಿ' ಎಂಬ ಮಾತು, ಕೆಂಪಿನ ಜೊತೆಗೆ 'ಮತ್ತೊಮ್ಮೆ ಯೋಚಿಸಿ' ಎಂಬ ಮಾತು, ನಕ್ಷೆಯ ಗೆರೆಗಳಲ್ಲಿ ಒಂದು ಇಡಿಯದು, ಇನ್ನೊಂದು ತುಂಡುತುಂಡಾದುದು: ಇಷ್ಟು ಸಾಕು. ಪಾಠ ಸಿದ್ಧವಾದ ಮೇಲೆ ಪುಟವನ್ನೊಮ್ಮೆ ಕಪ್ಪು ಬಿಳುಪಿನಲ್ಲಿ ಅಚ್ಚು ಹಾಕಿ ನೋಡುವುದು ಒಳ್ಳೆಯ ಪರೀಕ್ಷೆ. ಬಣ್ಣವಿಲ್ಲದೆಯೂ ಅರ್ಥವಾಗುವ ಪಾಠಕ್ಕೆ ಬಣ್ಣ ಕೂಡಿದರೆ ಅದು ಶೋಭೆ. ಬಣ್ಣ ಹೋದೊಡನೆ ಅರ್ಥವೂ ಹೋಗುವ ಪಾಠ ಎಲ್ಲಿಯೋ ಒಬ್ಬ ಹುಡುಗನನ್ನು ಹೊರಗೆ ನಿಲ್ಲಿಸಿದೆ ಎಂದೇ ಅರ್ಥ.

ಡಾಲ್ಟನ್ನನ ಕಥೆಯ ಕೊನೆಯ ಭಾಗವೊಂದು ಉಳಿದಿದೆ. ತನ್ನ ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕು, ಆದುದರಿಂದಲೇ ಕೆಂಪು ಕಾಣುವುದಿಲ್ಲ ಎಂದು ಅವನು ನಂಬಿದ್ದನು. ಸತ್ತ ಮೇಲೆ ಪರೀಕ್ಷಿಸಿ ನೋಡುವಂತೆ ಹೇಳಿದ್ದನು. 1844ರಲ್ಲಿ ಅವನು ತೀರಿಕೊಂಡಾಗ ವೈದ್ಯನು ನೋಡಿದನು. ದ್ರವ ನೀರಿನಂತೆ ತಿಳಿಯಾಗಿತ್ತು. ಜೋಪಾನವಾಗಿ ಕಾದಿರಿಸಿದ್ದ ಆ ಕಣ್ಣಿನ ಚೂರನ್ನು ನೂರೈವತ್ತು ವರ್ಷಗಳ ಅನಂತರ ಪರೀಕ್ಷಿಸಿದ ವಿಜ್ಞಾನಿಗಳು, ಹಸಿರಿನ ಭಾಗದ ಬೆಳಕನ್ನು ಗ್ರಹಿಸುವ ವರ್ಣದ್ರವ್ಯವೇ ಅದರಲ್ಲಿರಲಿಲ್ಲವೆಂದು 1995ರಲ್ಲಿ ತಿಳಿಸಿದರು. ಅವನು ಕೊಟ್ಟ ವಿವರಣೆ ತಪ್ಪಾಗಿತ್ತು. ಆದರೆ ಹೂವನ್ನು ಹಿಡಿದು ಸ್ನೇಹಿತರ ಬಳಿಗೆ ಹೋಗಿ "ನಿಮಗೆ ಇದು ಹೇಗೆ ಕಾಣುತ್ತದೆ?" ಎಂದು ಕೇಳಿದನಲ್ಲ, ಅದು ತಪ್ಪಾಗಿರಲಿಲ್ಲ. ಪಾಠಕ್ಕೆ ಬಣ್ಣ ಹಚ್ಚಲು ಕುಳಿತ ಅಧ್ಯಾಪಕನೂ, ಮಗುವಿನ ಪಕ್ಕದಲ್ಲಿ ಕುಳಿತ ತಾಯಿಯೂ ಗದರಿಸುವ ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ.